ಭಾವಚಿತ್ರದಲ್ಲಿ ಭಾವವೆಲ್ಲಿದೆ?



ನಮ್ಮ ಹಳೆಯ ಮನೆಗಳ ನಡುಮನೆಯಲ್ಲಿ, ಸೂರಿನ ಸಮೀಪಕ್ಕೆ, ತುಸು ಮುಂದಕ್ಕೆ ಬಾಗಿದಂತೆ ತೂಗುಹಾಕಿದ ಚಿತ್ರಗಳನ್ನು ನೀವೆಲ್ಲರೂ ನೋಡಿರುತ್ತೀರಿ. ಹಿರಿಯರೊಬ್ಬರು ಕುರ್ಚಿಯ ಮೇಲೆ ಕುಳಿತಿದ್ದಾರೆ. ತಲೆಗೆ ರುಮಾಲು, ಮೈಗೆ ಗುಂಡಿಗಳನ್ನೆಲ್ಲ ಹಾಕಿದ ನಿಲುವಂಗಿ, ಹೆಗಲ ಮೇಲೆ ಸರಿಗೆಯಂಚಿನ ಉತ್ತರೀಯ. ಪಕ್ಕದಲ್ಲಿ ಒಂದು ದುಂಡು ಮೇಜು. ಅದರ ಮೇಲೆ ಹೂದಾನಿ, ಇಲ್ಲವೆ ಒಂದು ಪುಸ್ತಕ. ಹಿಂದುಗಡೆ ನೆರಿಗೆ ನೆರಿಗೆಯಾಗಿ ಇಳಿಬಿದ್ದ ಪರದೆ. ಮುಖದಲ್ಲಿ ನಗುವಿನ ಸುಳಿವಿಲ್ಲ. ಚಿಕ್ಕಂದಿನಲ್ಲಿ ಇಂತಹ ಒಂದು ಚಿತ್ರದ ಕೆಳಗೆ ಊಟಕ್ಕೆ ಕುಳಿತಾಗ ನಾನು ತಲೆಯೆತ್ತುತ್ತಿರಲಿಲ್ಲ. ಆ ಹಿರಿಯರು ಮಹಾ ಸಿಡುಕರೆಂದು ನನ್ನ ನಂಬಿಕೆ. ಅವರನ್ನು ಕಂಡು ಬಲ್ಲವರು ಮುಂದೆ ಹೇಳಿದ ಪ್ರಕಾರ, ಅವರು ಪಂಕ್ತಿಯಲ್ಲಿ ಕುಳಿತರೆ ಎಡಬಲದವರಿಗೆ ನಗುವಿನಿಂದ ತುತ್ತು ಇಳಿಯುತ್ತಿರಲಿಲ್ಲವಂತೆ.

ಹಾಗಾದರೆ ಆ ಸಿಡುಕು ಯಾರದು? ಕುಳಿತವರದೆ, ತೆಗೆದವನದೆ, ಅಥವಾ ಯಂತ್ರದ್ದೆ? ಕನ್ನಡದಲ್ಲಿ ನಾವು ಇಂತಹ ಚಿತ್ರಕ್ಕೆ ಭಾವಚಿತ್ರವೆಂಬ ಸೊಗಸಾದ ಹೆಸರನ್ನಿಟ್ಟಿದ್ದೇವೆ. ಅದರಲ್ಲಿ ಭಾವವುಂಟೆಂದು ಮೊದಲೇ ಒಪ್ಪಿಕೊಂಡುಬಿಟ್ಟ ಹೆಸರು ಅದು. ಆ ಭಾವವು ಚಿತ್ರದೊಳಕ್ಕೆ ಹೇಗೆ ಬರುತ್ತದೆ, ಯಾರ ಇಚ್ಛೆಯಿಂದ ಬರುತ್ತದೆ ಎಂಬುದೇ ಇಂದಿನ ಮಾತಿನ ವಿಷಯ. ಫೋಟೋಗ್ರಾಫಿಯು ಹುಟ್ಟಿ ಬೆಳೆದ ಯೂರೋಪು ಅಮೆರಿಕಗಳ ಕೆಲವು ಚಿತ್ರಗಳನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಮಾಡೋಣ. ಕಣ್ಣಿನಿಂದ ನೋಡತಕ್ಕುದನ್ನು ಕಿವಿಯ ಮೂಲಕ ತೋರಿಸಹೊರಟಿರುವ ಸಾಹಸವನ್ನು ನೀವು ಮನ್ನಿಸಬೇಕು.

1839ನೆಯ ಇಸವಿ ಜನವರಿ 7ರಂದು ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತಿನಲ್ಲಿ ಅರಾಗೋ ಎಂಬ ಖಗೋಳಶಾಸ್ತ್ರಜ್ಞನು ದಾಗೇರ್ ಎಂಬಾತನ ಹೊಸ ವಿದ್ಯೆಯನ್ನು ಲೋಕಕ್ಕೆ ಸಾರಿದನು. ಆಗಸ್ಟ್ 19ರಂದು ಅದರ ವಿವರಗಳು ಹೊರಬಿದ್ದವು. ಬೆಳ್ಳಿಯ ಲೇಪವಿರುವ ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ, ಅಯೊಡಿನ್ನಿನ ಹಬೆಗೆ ಒಡ್ಡಿ, ಕ್ಯಾಮೆರಾದಲ್ಲಿಟ್ಟು ಬೆಳಕು ತಾಗಿಸಿ, ಆಮೇಲೆ ಪಾದರಸದ ಹಬೆ ಕೊಟ್ಟರೆ ಚಿತ್ರವು ಮೂಡುತ್ತಿದ್ದಿತು. ಮೊದಮೊದಲು ಬಿಸಿಲಿನಲ್ಲಿಯೂ ಇದಕ್ಕೆ ಅನೇಕ ನಿಮಿಷಗಳು ಹಿಡಿಯುತ್ತಿದ್ದವು. ಗೋಪುರ ಸೇತುವೆಗಳು ಅಷ್ಟು ಹೊತ್ತು ಅಲುಗದೆ ನಿಲ್ಲಬಲ್ಲವು, ಮನುಷ್ಯನು ನಿಲ್ಲಲಾರನು. 1840ರಲ್ಲಿ ವಿಯೆನ್ನದ ಪೆಟ್ಸ್‌ವಾಲ್ ಎಂಬ ಗಣಿತಜ್ಞನು ಹೆಚ್ಚು ಬೆಳಕನ್ನು ಒಳಬಿಡುವ ಮಸೂರವೊಂದನ್ನು ರೂಪಿಸಿದನು. ತಗಡಿಗೆ ಬ್ರೋಮಿನ್ನಿನ ಹಬೆಯನ್ನೂ ಕೊಟ್ಟರೆ ಅದು ಬೇಗ ಬೆಳಕನ್ನು ಹಿಡಿಯುತ್ತದೆಂದು ಇತರರು ಕಂಡುಕೊಂಡರು. ಹೀಗೆ ಎರಡು ಮೂರು ವರ್ಷಗಳೊಳಗೆ ಕಾಲವು ಒಂದು ನಿಮಿಷಕ್ಕಿಂತ ಕಡಮೆಗೆ ಇಳಿದು, ಭಾವಚಿತ್ರವೆಂಬುದು ಒಂದು ಜೀವನೋಪಾಯವಾಯಿತು.

ಒಂದು ನಿಮಿಷವೆಂದರೆ ಎಷ್ಟೆಂದು ತಿಳಿಯಬೇಕಾದರೆ ಒಂದು ಪರೀಕ್ಷೆ ಮಾಡಿ. ಈಗಲೇ, ಕುಳಿತ ಕಡೆಯೇ, ಮುಖದಲ್ಲಿ ಒಂದು ಮುಗುಳ್ನಗೆಯನ್ನು ತಂದುಕೊಂಡು ಮನಸ್ಸಿನಲ್ಲಿ ಮೂವತ್ತು ಎಣಿಸಿ. ಹತ್ತಕ್ಕೆ ಬರುವುದರೊಳಗೆ ನಗು ಹೋಗಿ ಹಲ್ಲುಕಿರಿಯುವುದು ಉಳಿದಿರುತ್ತದೆ. ಇಪ್ಪತ್ತಕ್ಕೆ ಕೆನ್ನೆ ನಡುಗುತ್ತದೆ. ಆದುದರಿಂದಲೇ ಅಂದಿನ ಛಾಯಾಗ್ರಾಹಕರು ಕುಳಿತವರ ಬೆನ್ನ ಹಿಂದೆ ಕಬ್ಬಿಣದ ಕಂಬವೊಂದನ್ನು ನಿಲ್ಲಿಸಿ, ಅದರ ಕವಲಿಗೆ ತಲೆಯನ್ನು ಆನಿಸುತ್ತಿದ್ದರು. ಕೆಲವು ಚಿತ್ರಗಳಲ್ಲಿ ಬೂಟುಗಳ ಹಿಂದೆ ಆ ಕಂಬದ ಪಾದವು ಇಣಿಕುವುದನ್ನು ಇಂದಿಗೂ ಕಾಣಬಹುದು. ಕೈಗಳಿಗೆ ತೊಡೆಯೋ ಮೇಜೋ ಆಸರೆ. ನಾವು ಪೂರ್ವಿಕರ ಘನತೆಯೆಂದು ತಿಳಿದುಕೊಂಡುದರಲ್ಲಿ ಸ್ವಲ್ಪ ಭಾಗ ಆ ಕಬ್ಬಿಣಕ್ಕೆ ಸೇರಿದುದು.

ಸ್ವಲ್ಪ ಭಾಗ ಮಾತ್ರ. 1880ರ ಹೊತ್ತಿಗೆ ಜಿಲಟಿನ್ ಲೇಪದ ಒಣ ಗಾಜುಗಳು ಬಳಕೆಗೆ ಬಂದು, ಕ್ಷಣದೊಳಗೆ ಚಿತ್ರ ತೆಗೆಯುವುದು ಸಾಧ್ಯವಾಯಿತು. ಆದರೂ ಜನ ನಗಲಿಲ್ಲ. ಮಕ್ಕಳು ಮೊಮ್ಮಕ್ಕಳು ನೋಡಲಿರುವ ಚಿತ್ರಕ್ಕಾಗಿ, ಅನೇಕರ ಪಾಲಿಗೆ ಬಾಳಿನಲ್ಲಿ ಒಮ್ಮೆಯೇ ಕುಳಿತುಕೊಳ್ಳುವಾಗ, ಹಲ್ಲು ತೋರಿಸುವುದು ಉಚಿತವೆಂದು ಅವರಿಗೆ ತೋರಲಿಲ್ಲ. ಕಬ್ಬಿಣದ ಕಂಬ ಹೋದರೂ ಕಂಬ ಕಲಿಸಿದ ನಡವಳಿಕೆ ಉಳಿಯಿತು.

ಈ ದೀರ್ಘಕಾಲದಿಂದ ಒಂದು ಲಾಭವೂ ಆಯಿತೆಂದು ನನ್ನ ಅಭಿಪ್ರಾಯ. ಎಡಿನ್‌ಬರೋ ನಗರದಲ್ಲಿ 1843ರಿಂದ ನಾಲ್ಕೈದು ವರ್ಷಗಳ ಕಾಲ ಹಿಲ್ ಎಂಬ ಚಿತ್ರಕಾರನೂ ಆಡಮ್‌ಸನ್ ಎಂಬ ತರುಣನೂ ಕೂಡಿ ಕಾಗದದ ಮೇಲೆ ಚಿತ್ರಗಳನ್ನು ತೆಗೆದರು. ಸಮೀಪದ ನ್ಯೂಹೇವನ್ನಿನ ಬೆಸ್ತರೂ ಮೀನು ಮಾರುವ ಹೆಂಗಸರೂ ಅವರ ಮುಂದೆ ಕುಳಿತರು. ಕಾಗದದ ನಾರು ಸಣ್ಣ ವಿವರಗಳನ್ನು ನುಂಗಿ, ಬೆಳಕು ನೆರಳುಗಳ ದೊಡ್ಡ ತುಂಡುಗಳನ್ನು ಮಾತ್ರ ಉಳಿಸುತ್ತದೆ. ಪಟ್ಟೆ ಸೀರೆಯಂತಹ ದಪ್ಪ ಲಂಗವನ್ನುಟ್ಟು, ಕಣ್ಣುಗಳನ್ನು ಕೆಳಗೆ ಮಾಡಿದ ಒಬ್ಬ ಹೆಂಗಸಿನ ಚಿತ್ರವಿದೆ. 1931ರಲ್ಲಿ ಜರ್ಮನಿಯ ವಾಲ್ಟರ್ ಬೆನ್ಯಮಿನ್ ಎಂಬ ವಿಮರ್ಶಕನು ಈ ಚಿತ್ರವನ್ನು ಕುರಿತು ಬರೆಯುತ್ತ, ಬಹಳ ಹೊತ್ತು ಕುಳಿತಿರಬೇಕಾದುದರಿಂದ ಅಂದಿನ ಜನ ಕ್ಷಣದಿಂದ ಹೊರಕ್ಕೆ ಜಾರದೆ ಕ್ಷಣದೊಳಗೇ ಬೆಳೆದುಕೊಂಡರೆಂಬ ಅರ್ಥದ ಮಾತನ್ನು ಹೇಳಿದ್ದಾನೆ. ಹೊಂದಿಸಿಕೊಂಡ ಮುಖಭಾವ ಕರಗಿಹೋದ ಮೇಲೆ ಉಳಿಯುವುದೇನುಂಟೋ ಅದು ತಗಡಿಗೂ ಕಾಗದಕ್ಕೂ ಸಿಕ್ಕಿತು.

ಕಾಲದ ಮಾತಾಯಿತು, ಬಣ್ಣದ ವಿಷಯ ಇನ್ನೂ ವಿಚಿತ್ರವಾದುದು. ಆ ಕಾಲದ ಲೇಪಗಳಿಗೆ ನೀಲಿಯ ಬೆಳಕು ಬಹು ಬೇಗ ತಾಗುತ್ತಿದ್ದಿತು. ಕೆಂಪು ಹಳದಿಗಳು ತಾಗುತ್ತಲೇ ಇರಲಿಲ್ಲವೆನ್ನಬಹುದು. ಇದರ ಫಲವಾಗಿ ನೀಲಿಯ ಕಣ್ಣು ಬೆಳ್ಳಗೆ ಪೇಲವವಾಗಿ ಕಾಣುತ್ತದೆ; ಕೆಂಚುಗೂದಲು ಕಪ್ಪಾಗುತ್ತದೆ; ಕೆನ್ನೆಯ ಮೇಲಿನ ತಿಳಿಯಾದ ಚುಕ್ಕೆಗಳು ಮಸಿಯ ಹನಿಗಳಾಗುತ್ತವೆ. ನಮ್ಮ ಕಡೆಯ ಚಿತ್ರಗಳಲ್ಲಿ ಹಣೆಯ ಕುಂಕುಮವು ಕಾಡಿಗೆಯ ಬೊಟ್ಟಿನಂತೆ ಕಾಣುವುದೂ, ಮದುವೆಯ ಕೆಂಪು ಸೀರೆ ಇದ್ದಿಲಿನ ಬಣ್ಣಕ್ಕೆ ತಿರುಗುವುದೂ ಇದರಿಂದಲೇ. ಕಂದು ಮೈಬಣ್ಣವುಳ್ಳ ಯಾರೇ ಆಗಲಿ ತಾವಿರುವುದಕ್ಕಿಂತ ಕಪ್ಪಗೆ ಬೀಳುತ್ತಿದ್ದರು. ಸೂರ್ಯನು ಸುಳ್ಳು ಹೇಳುವುದಿಲ್ಲವೆಂದು ಆ ಶತಮಾನದವರು ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದರು. ಸೂರ್ಯನು ಹೇಳದಿದ್ದರೂ ಲೇಪವು ಹೇಳುತ್ತಿದ್ದಿತು. ಈ ಅಂಶವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1851ರಲ್ಲಿ ಇಂಗ್ಲೆಂಡಿನ ಆರ್ಚರ್ ಎಂಬಾತನು ಗಾಜಿಗೆ ಕೊಲೋಡಿಯನ್ ಎಂಬ ಅಂಟನ್ನು ಬಳಿದು, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು ತೊಳೆಯುವ ವಿಧಾನವನ್ನು ಪ್ರಕಟಿಸಿದನು. ಒಂದು ಗಾಜಿನಿಂದ ಮೊಟ್ಟೆಯ ಬಿಳಿ ಲೋಳೆಯನ್ನು ಸವರಿದ ಕಾಗದದ ಮೇಲೆ ಬೇಕಾದಷ್ಟು ಪ್ರತಿಗಳು. 1854ರಲ್ಲಿ ಪ್ಯಾರಿಸ್ಸಿನ ದಿಸ್ದೇರಿ ಎಂಬ ವ್ಯವಹಾರಕುಶಲನು ಒಂದೇ ಗಾಜಿನಲ್ಲಿ ಎಂಟು ಚಿತ್ರಗಳನ್ನು ತೆಗೆದು, ಭೇಟಿಚೀಟಿಯಷ್ಟು ರಟ್ಟುಗಳಿಗೆ ಅಂಟಿಸಿ ಅಗ್ಗದಲ್ಲಿ ಮಾರುವ ಉಪಾಯಕ್ಕೆ ಹಕ್ಕುಪತ್ರ ಪಡೆದನು. ಅವುಗಳಲ್ಲಿ ಆಳು ನಖಶಿಖಾಂತ ನಿಂತಿರುತ್ತಾನೆ, ಮುಖ ತೊಗರಿಬೇಳೆಯಷ್ಟು. ಬೇಳೆಯಷ್ಟು ಮುಖದಲ್ಲಿ ಶೀಲಸ್ವಭಾವಗಳು ಕಾಣುವುದೆಂತು? ಆದುದರಿಂದ ಬಟ್ಟೆಯೂ ರಟ್ಟಿನ ಕಂಬವೂ ಪರದೆಯೂ ಮೇಜೂ ಮುಖದ ಕೆಲಸವನ್ನು ವಹಿಸಿಕೊಂಡವು. ನಮ್ಮ ನಡುಮನೆಯ ದುಂಡು ಮೇಜಿನ ವಂಶಾವಳಿ ಈ ರಟ್ಟುಗಳಿಗೆ ಹೋಗಿ ಮುಟ್ಟುತ್ತದೆ.

ಅದೇ ಊರಿನಲ್ಲಿ, ಅದೇ ಕಾಲದಲ್ಲಿ, ಇದಕ್ಕೆ ಬೆನ್ನು ತಿರುಗಿಸಿದವನು ನದಾರ್ ಎಂಬ ಹೆಸರಿನಿಂದ ಪ್ರಖ್ಯಾತನಾದ ತೂರ್ನಶೋನ್. ಈತನು ಮೊದಲು ವ್ಯಂಗ್ಯಚಿತ್ರಕಾರ. ಮುಖದಲ್ಲಿ ಯಾವ ಗೆರೆಯನ್ನು ಎಳೆದರೆ ಆಳು ಸಿಕ್ಕಿಬೀಳುತ್ತಾನೆಂಬುದನ್ನು ಬಲ್ಲವನು. ಆತನ ಉತ್ತಮ ಚಿತ್ರಗಳಲ್ಲಿ ಹಿನ್ನೆಲೆ ಬರಿದು. ಮಂಡಿಯವರೆಗೆ ದೇಹ, ಕಪ್ಪು ಕೋಟಿನ ದೊಡ್ಡ ರಾಶಿ, ಮೇಲಿನಿಂದ ಓರೆಯಾಗಿ ಬಂದು ಮುಖದ ಒಂದು ಪಾರ್ಶ್ವದಲ್ಲಿ ನಿಂತ ಬೆಳಕು. ಕೈಗಳು ಹೆಚ್ಚಾಗಿ ಜೇಬಿನಲ್ಲಿಯೋ ಕೋಟಿನೊಳಗೋ ಅಡಗಿರುತ್ತವೆ. ನದಾರ್ ಎಂಬ ಹೆಸರಿನ ಹಕ್ಕಿಗಾಗಿ ತಮ್ಮನೊಡನೆಯೇ ವ್ಯಾಜ್ಯ ಹೂಡಿ 1857ರಲ್ಲಿ ಗೆದ್ದ ಈತನು ನ್ಯಾಯಸ್ಥಾನದ ಮುಂದೆ ಹೇಳಿದುದರ ಸಾರವಿಷ್ಟು: ಫೋಟೋಗ್ರಾಫಿಯ ಶಾಸ್ತ್ರವನ್ನು ಒಂದು ಗಂಟೆಯಲ್ಲಿ ಕಲಿಸಬಹುದು, ಬೆಳಕಿನ ರುಚಿಯನ್ನೂ ಎದುರಿಗೆ ಕುಳಿತವನ ಅಂತರಂಗವನ್ನು ಒಡನೆಯೇ ಅರಿಯುವ ಶಕ್ತಿಯನ್ನೂ ಕಲಿಸಲಾಗದು. ವ್ಯಾಜ್ಯ ಗೆಲ್ಲುವುದಕ್ಕಾಗಿ ಆಡಿದ ಮಾತಾದರೂ ಸುಳ್ಳಲ್ಲ. ಆದರೆ ಆತನ ಮುಂದೆ ಕುಳಿತವರು ಕವಿಗಳು, ನಟಿಯರು, ಗಾಯಕರು. ಸಮಾನ ಸ್ಕಂಧರಾದ ಸ್ನೇಹಿತರು. ಹರಟೆ ಹೊಡೆದು ನಗಿಸಿ ಸಡಿಲಗೊಳಿಸಬಹುದಾದ ಜನ.

ಇನ್ನು ನನಗೆ ಬಹಳ ಪ್ರಿಯವಾದ ಒಬ್ಬಾಕೆಯ ವಿಷಯಕ್ಕೆ ಬರುತ್ತೇನೆ. ಜೂಲಿಯಾ ಮಾರ್ಗರೆಟ್ ಕ್ಯಾಮರನ್ (ಹೆಸರಿನಲ್ಲಿಯೇ ಕ್ಯಾಮೆರಾ ಅಡಗಿದೆಯೆಂದು ನೀವು ನಕ್ಕರೆ ತಪ್ಪಿಲ್ಲ) 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವಳು. 1863ರ ಡಿಸೆಂಬರಿನಲ್ಲಿ, ತನ್ನ 48ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ವೈಟ್ ದ್ವೀಪದಲ್ಲಿದ್ದಾಗ, ಬೇಸರ ಕಳೆಯಲೆಂದು ಮಗಳೂ ಅಳಿಯನೂ ಕೊಟ್ಟ ಕ್ಯಾಮೆರಾ ಆಕೆಯ ಕೈಗೆ ಬಂದಿತು. ಕಲ್ಲಿದ್ದಲಿನ ಕೊಠಡಿ ಕತ್ತಲೆ ಕೋಣೆಯಾಯಿತು. ಕೋಳಿಗಳ ಗಾಜುಮನೆ ಸ್ಟುಡಿಯೋ ಆಯಿತು. ಕೆಲವು ವರ್ಷಗಳಲ್ಲಿ ಆಕೆ 15 ಅಂಗುಲ ಉದ್ದ 12 ಅಂಗುಲ ಅಗಲದ ಗಾಜುಗಳನ್ನು ಉಪಯೋಗಿಸಿ, ಮುಖವನ್ನು ಹೆಚ್ಚುಕಡಮೆ ಜೀವಂತ ಮುಖದ ಗಾತ್ರಕ್ಕೇ ತೆಗೆಯತೊಡಗಿದಳು. ತೊಗರಿಬೇಳೆಯಿಂದ ನಾವು ಎಷ್ಟು ದೂರ ಬಂದೆವು ನೋಡಿ.

ಆಕೆಯ ಚಿತ್ರಗಳು ಮಸಕು. ಮಸೂರವನ್ನು ತಿರುಗಿಸುತ್ತ ಹೋಗಿ, ತನ್ನ ಕಣ್ಣಿಗೆ ಸುಂದರವಾಗಿ ಕಂಡ ಕಡೆ ನಿಲ್ಲಿಸುತ್ತಿದ್ದೆನೆಂದೂ, ಇತರರಂತೆ ರೇಖೆಗಳು ಹರಿತವಾಗುವವರೆಗೆ ಹೋಗುತ್ತಿರಲಿಲ್ಲವೆಂದೂ ಆಕೆಯೇ 1874ರಲ್ಲಿ ಬರೆದಿಟ್ಟಿದ್ದಾಳೆ. ಗಾಜಿನ ಬಿರುಕು, ಅಂಟು ಹರಿದ ಕಲೆ, ಬೆರಳಿನ ಗುರುತು, ಇವನ್ನೂ ಹಾಗೆಯೇ ಬಿಡುತ್ತಿದ್ದಳು. ಫೋಟೋಗ್ರಾಫಿಯ ಪಂಡಿತರು ಪತ್ರಿಕೆಗಳಲ್ಲಿ ಆಕೆಯನ್ನು ಕೈಕೂಸೆಂದು ಹಳಿದರು. ಅವರ ಕಣ್ಣಿಗೆ ಹರಿತವಾದ ರೇಖೆಯೇ ಸತ್ಯ. ಆದರೆ ನಾವು ಪ್ರೀತಿಸುವ ಮುಖವನ್ನು ಹತ್ತಿರದಿಂದ ನೋಡುವಾಗ ರೆಪ್ಪೆಯ ಕೂದಲುಗಳನ್ನು ಎಣಿಸುತ್ತೇವೆಯೆ?

ಸರ್ ಜಾನ್ ಹರ್ಷಲನ ಚಿತ್ರವನ್ನೇ ತೆಗೆದುಕೊಳ್ಳೋಣ. ಹರ್ಷಲನು ಖಗೋಳಶಾಸ್ತ್ರಜ್ಞ, ಯುರೇನಸ್ ಗ್ರಹವನ್ನು ಕಂಡುಹಿಡಿದವನ ಮಗ. ಬೆಳಕಿಗೆ ಸಿಕ್ಕದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆದು ಚಿತ್ರವನ್ನು ಶಾಶ್ವತಗೊಳಿಸುವ ಹೈಪೋ ಎಂಬ ದ್ರವದ ಗುಣವನ್ನು ಕಂಡುಕೊಂಡವನೂ ಈತನೇ. ಫೋಟೋಗ್ರಾಫಿ ಎಂಬ ಮಾತನ್ನು ಬಳಕೆಗೆ ತಂದವನೂ ಈತನೇ. ಕ್ಯಾಮರನ್ನಳು ಕಲ್ಕತ್ತೆಯಲ್ಲಿದ್ದಾಗ, 1842ರ ಸುಮಾರಿಗೆ, ಈ ಹೊಸ ವಿದ್ಯೆಯ ಮಾದರಿಗಳನ್ನು ಆಕೆಗೆ ಕಳುಹಿಸಿದ್ದ ಹಳೆಯ ಸ್ನೇಹಿತ. 1867ರ ಏಪ್ರಿಲಿನಲ್ಲಿ ಆಕೆ ಕ್ಯಾಮೆರಾವನ್ನು ಹೊತ್ತುಕೊಂಡು ಆತನ ಮನೆಗೇ ಹೋದಳು. 75 ವರ್ಷದ ಮುದುಕನಿಗೆ ತಲೆ ತೊಳೆದು ಬರಬೇಕೆಂದಳಂತೆ. ಬೆಳ್ಳಿಯ ಕೂದಲನ್ನು ಕೆದರಿದಳಂತೆ. ಕತ್ತಿನಿಂದ ಕೆಳಕ್ಕೆ ಕಪ್ಪು ಬಟ್ಟೆಯನ್ನು ಸುತ್ತಿದಳು. ಕುರ್ಚಿಯಿಲ್ಲ, ಮೇಜಿಲ್ಲ, ದೂರದರ್ಶಕ ಯಂತ್ರವಿಲ್ಲ, ಬಿರುದಿನ ಪದಕವಿಲ್ಲ. ಕತ್ತಲೆಯೊಳಗಿಂದ ಒಂದು ಮುಖ ಹೊರಕ್ಕೆ ಬಂದಿದೆ. ಕೂದಲಿನ ಅಂಚಿಗೆ ಬೆಳಕು ಹೊತ್ತಿಕೊಂಡಿದೆ. ಹಣೆಯ ಸುಕ್ಕುಗಳು, ತೇವಗೊಂಡ ದೊಡ್ಡ ಕಣ್ಣುಗಳು. ಅಷ್ಟೊಂದು ಹೊತ್ತು ತೆರೆದಿಟ್ಟ ಕ್ಯಾಮೆರಾದ ಮುಂದೆ ವೃದ್ಧನ ತಲೆ ಸ್ವಲ್ಪ ಅಲುಗಿರಲೇಬೇಕು. ಆ ಅಲುಗಾಟವೇ ಉಸಿರಾಟದಂತೆ ಚಿತ್ರದಲ್ಲಿ ಸೇರಿಕೊಂಡಿದೆ. ಈ ಚಿತ್ರದ ಅರ್ಥವನ್ನು ಅದರ ಆಕಾರದಿಂದ ಬಿಡಿಸಿ ಹೇಳಲು ನನ್ನಿಂದಾಗದು. ಮಸಕು, ಸಾಮೀಪ್ಯ, ಕತ್ತಲೆ, ಒಂದೇ ಕಡೆಯ ಬೆಳಕು, ಇವೇ ಅದರ ಅರ್ಥ.

ಇಷ್ಟು ಹೊಗಳಿದ ಮೇಲೆ ಒಂದು ಅಸಮಾಧಾನವನ್ನು ಮುಚ್ಚಿಡಬಾರದು. ಆಕೆಯ ಗಂಡಸರು ಹರ್ಷಲ್, ಕಾರ್ಲೈಲ್, ಟೆನಿಸನ್ ಎಂದು ತಮ್ಮ ತಮ್ಮ ಹೆಸರಿನಿಂದಲೇ ಇದ್ದಾರೆ. ಹೆಂಗಸರು ಬಹುಮಟ್ಟಿಗೆ ಮೇರಿಮಾತೆಯೋ ಪುರಾಣದ ನಾಯಿಕೆಯೋ ಆಗಬೇಕಾಯಿತು. ಮನೆಯ ಕೆಲಸದ ಹುಡುಗಿ ಎಷ್ಟೋ ಸಲ ದೇವಮಾತೆಯಾಗಿದ್ದಾಳೆ. 1875ರಲ್ಲಿ ಸಿಂಹಳಕ್ಕೆ ಹೋದಮೇಲೆ, 1879ರಲ್ಲಿ ತೀರಿಕೊಳ್ಳುವವರೆಗೆ, ಅಲ್ಲಿನ ಕೂಲಿಯಾಳುಗಳ ಚಿತ್ರಗಳನ್ನೂ ಕೆಲವನ್ನು ತೆಗೆದಳು. ಅವರು ಯಾರೆಂಬುದು ಬರೆದಿಟ್ಟಿಲ್ಲ. ಅದೇ ಕ್ಯಾಮೆರಾ, ಅದೇ ಮಮತೆಯ ಬೆಳಕು. ಹೆಸರು ಮಾತ್ರ ಕೆಲವರಿಗೆ.

ಹೆಸರಿನ ಮಾತು ಬಂದುದರಿಂದ, ಈ ವಿಷಯದಲ್ಲಿ ಬಹು ಕಠಿನವಾದ ಸ್ಥಳಕ್ಕೆ ನಾವು ಬಂದಂತಾಯಿತು. 1850ರ ಮಾರ್ಚಿಯಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನದ ಕೊಲಂಬಿಯ ಪಟ್ಟಣದಲ್ಲಿ ಝೀಲಿ ಎಂಬ ವೃತ್ತಿಗಾರನು ಏಳು ಜನ ಗುಲಾಮರ ಚಿತ್ರಗಳನ್ನು ಬೆಳ್ಳಿಯ ತಗಡುಗಳ ಮೇಲೆ ತೆಗೆದನು. ತೆಗೆಸಿದವನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಖ್ಯಾತ ಪ್ರಕೃತಿಶಾಸ್ತ್ರಜ್ಞ ಅಗಾಸೀ. ಮಾನವಕುಲಗಳು ಬೇರೆಬೇರೆಯಾಗಿಯೇ ಸೃಷ್ಟಿಯಾದವೆಂಬ ತನ್ನ ಮಿಥ್ಯಾವಾದಕ್ಕೆ ಆತನಿಗೆ ಸಾಕ್ಷ್ಯ ಬೇಕಾಗಿದ್ದಿತು. ರೆಂಟಿ ಎಂಬ ಮುದುಕ, ಡೀಲಿಯಾ ಎಂಬ ಆತನ ಮಗಳು, ಇತರರು. ಉಡುಪನ್ನು ಕಳಚಿಸಿ, ಎದುರಿನಿಂದಲೂ ಪಕ್ಕದಿಂದಲೂ ತೆಗೆಯಲಾಗಿದೆ.

ಈಗ ಆಕಾರವನ್ನು ಮಾತ್ರ ಗಮನಿಸಿದರೆ ಏನು ಕಾಣುತ್ತದೆ? ಬರಿದಾದ ಹಿನ್ನೆಲೆ. ಅಲಂಕಾರ ಸಾಮಗ್ರಿಯಿಲ್ಲ. ಹತ್ತಿರದಿಂದ ತೆಗೆದ ದೇಹ, ನೇರವಾದ ದೃಷ್ಟಿ, ನಿಚ್ಚಳವಾದ ಬೆಳಕು. ನದಾರನಲ್ಲಿ ನಾವು ಮೆಚ್ಚಿದ ಗುಣಗಳೇ ಇಲ್ಲಿಯೂ ಇವೆ! ಅಲ್ಲಿ ಬರಿದಾದ ಹಿನ್ನೆಲೆ ವ್ಯಕ್ತಿಯನ್ನು ಬಿಡುಗಡೆ ಮಾಡಿತು; ಇಲ್ಲಿ ಅದೇ ಬರಿದು ಆತನ ಊರು, ಮನೆ, ನಂಟು ಎಲ್ಲವನ್ನೂ ಕಸಿದು ಮಾದರಿಯ ವಸ್ತುವನ್ನಾಗಿ ಮಾಡಿತು. ಕುಳಿತವರನ್ನು ಯಾರೂ ಒಪ್ಪಿಗೆ ಕೇಳಲಿಲ್ಲ. ಬೇಡವೆನ್ನುವ ಸ್ವಾತಂತ್ರ್ಯವೂ ಅವರಿಗಿರಲಿಲ್ಲ. ಲೇಪವು ಕಂದುಬಣ್ಣವನ್ನು ಕಪ್ಪಾಗಿಸುತ್ತಿದ್ದಿತೆಂದು ಹೇಳಿದೆನಷ್ಟೆ. ಅದೂ ಈ ಶಾಸ್ತ್ರಕ್ಕೆ ಒದಗಿತು. ನಮ್ಮ ದೇಶದ ಜಾತಿಮತಗಳ ಜನರನ್ನು ಹೀಗೆಯೇ ಮಾದರಿಗಳಾಗಿ ನಿಲ್ಲಿಸಿ, 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಸರಕಾರದ ಆಶ್ರಯದಿಂದ ಪ್ರಕಟವಾದ ಗ್ರಂಥವೊಂದುಂಟು. ಅದರಲ್ಲಿ ಚಿತ್ರದ ಕೆಳಗೆ ಹೆಚ್ಚಾಗಿ ಕಾಣುವುದು ಜಾತಿಯ ಹೆಸರು, ಆಳಿನ ಹೆಸರಲ್ಲ.

ಆದರೂ ರೆಂಟಿಯ ಚಿತ್ರವನ್ನು ನೋಡಿದವರಿಗೆ ಅಗಾಸೀಯ ವಾದ ನೆನಪಾಗುವುದಿಲ್ಲ. ಬಿಗಿಹಿಡಿದ ಆ ಮುಖ ನಮ್ಮನ್ನೇ ನೋಡುತ್ತದೆ. ಅದನ್ನು ಅವಮಾನವೆನ್ನಲೋ, ಕೋಪವೆನ್ನಲೋ, ಇವೆರಡನ್ನೂ ಮೀರಿದ ಮೌನವೆನ್ನಲೋ ನನಗೆ ಧೈರ್ಯವಿಲ್ಲ. ಹೆಸರಿಡಹೊರಟರೆ ನಾನೂ ಆತನನ್ನು ನನ್ನ ವಾದಕ್ಕೆ ದುಡಿಸಿಕೊಂಡಂತಾಗುತ್ತದೆ. ಈ ತಗಡುಗಳು ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ಮರೆತುಹೋಗಿದ್ದು 1976ರಲ್ಲಿ ಮತ್ತೆ ಕೈಗೆ ಸಿಕ್ಕಿದವು. ರೆಂಟಿಯ ವಂಶದವಳೆಂದು ಹೇಳಿಕೊಂಡ ಮಹಿಳೆಯೊಬ್ಬಳು ಅವುಗಳಿಗಾಗಿ 2019ರಲ್ಲಿ ದಾವೆ ಹೂಡಿದಳು. 2025ರಲ್ಲಿ ರಾಜಿಯಾಗಿ, ವಿಶ್ವವಿದ್ಯಾನಿಲಯವು ಅವುಗಳನ್ನು ಬಿಟ್ಟುಕೊಡಲು ಒಪ್ಪಿತು. ದಕ್ಷಿಣ ಕ್ಯಾರೊಲಿನದ ಚಾರ್ಲ್ಸ್‌ಟನ್ನಿನ ವಸ್ತುಸಂಗ್ರಹಾಲಯಕ್ಕೆ ಅವು ಸೇರತಕ್ಕುದೆಂದು ಗೊತ್ತಾಯಿತು. ತೆಗೆದು 175 ವರ್ಷಗಳಾದ ಮೇಲೆ, ಚಿತ್ರ ಯಾರದೆಂಬ ಪ್ರಶ್ನೆಗೆ ಒಂದು ಉತ್ತರ ದೊರೆತಂತಾಯಿತು.

ಗುಲಾಮಗಿರಿಯಿಂದ 1838ರಲ್ಲಿ ತಪ್ಪಿಸಿಕೊಂಡು ಬಂದು ಮಹಾವಾಗ್ಮಿಯಾದ ಫ್ರೆಡರಿಕ್ ಡಗ್ಲಸನು ಈ ಪ್ರಶ್ನೆಯನ್ನು ತನ್ನ ಜೀವಮಾನದಲ್ಲಿಯೇ ಎತ್ತಿಕೊಂಡನು. ಬಿಳಿಯ ಚಿತ್ರಕಾರರು ತನ್ನ ಜನರ ಮುಖವನ್ನು ಪಕ್ಷಪಾತವಿಲ್ಲದೆ ಬರೆಯಲಾರರೆಂದು 1849ರಲ್ಲಿ ಬರೆದನು. 1861ರಲ್ಲಿ, ಅಂತರ್ಯುದ್ಧದ ನಡುವೆ, ಬಾಸ್ಟನ್ನಿನಲ್ಲಿ ಚಿತ್ರಗಳನ್ನು ಕುರಿತೇ ಉಪನ್ಯಾಸ ಮಾಡಿದನು. ಹೋದ ಹೋದ ಊರುಗಳಲ್ಲಿ ಕ್ಯಾಮೆರಾದ ಮುಂದೆ ಕುಳಿತನು. ಆತನ ಸುಮಾರು 160 ಬೇರೆಬೇರೆ ಚಿತ್ರಗಳು ಈಗ ಗೊತ್ತಿವೆ. ಆ ಶತಮಾನದ ಅಮೆರಿಕದವರಲ್ಲಿ ಇಷ್ಟು ಚಿತ್ರಗಳನ್ನು ತೆಗೆಸಿಕೊಂಡವರು ಮತ್ತೊಬ್ಬರಿಲ್ಲ. 1850ರ ಆಸುಪಾಸಿನಲ್ಲಿ ಓಹಯೋದಲ್ಲಿ ಮಿಲ್ಲರ್ ಎಂಬಾತನು ತೆಗೆದ ತಗಡೊಂದು ಷಿಕಾಗೋದಲ್ಲಿದೆ. ಗಂಜಿಹಾಕಿದ ಬಿಳಿಯ ಕತ್ತುಪಟ್ಟಿ, ಗಂಟಿಕ್ಕಿದ ಹುಬ್ಬು, ಬಿಗಿದ ತುಟಿ. ಕೃತಜ್ಞತೆಯಿಂದ ಹಲ್ಲುಬಿಡುವ ಗುಲಾಮನ ವಿಕಟಚಿತ್ರಗಳು ಬೀದಿಬೀದಿಯಲ್ಲಿ ಮಾರಾಟವಾಗುತ್ತಿದ್ದ ದೇಶದಲ್ಲಿ ಈತನು ನಗಲಿಲ್ಲ. ಇಲ್ಲಿ ಆ ಗಾಂಭೀರ್ಯ ಕಬ್ಬಿಣದ ಕಂಬದ್ದಲ್ಲ, ರೂಢಿಯದೂ ಅಲ್ಲ. ಕುಳಿತವನೇ ಅದರ ಕರ್ತೃ.

ಕಡೆಯದಾಗಿ ಒಂದು ಸಣ್ಣ ರಟ್ಟಿನ ಚಿತ್ರ. ಸೊಜರ್ನರ್ ಟ್ರೂತ್ ಎಂಬುವಳು ನ್ಯೂಯಾರ್ಕ್ ಸಂಸ್ಥಾನದಲ್ಲಿ ಗುಲಾಮಳಾಗಿ ಹುಟ್ಟಿ, ಬಿಡುಗಡೆ ಪಡೆದು, ಊರೂರು ಸುತ್ತಿ ಧರ್ಮವನ್ನೂ ಸ್ವಾತಂತ್ರ್ಯವನ್ನೂ ಬೋಧಿಸಿದವಳು. 1864ರಲ್ಲಿ ತೆಗೆಸಿಕೊಂಡ ಈ ಚಿತ್ರದಲ್ಲಿ ಆಕೆ ಬಿಳಿಯ ಕುಲಾವಿಯನ್ನೂ ಶಾಲನ್ನೂ ಧರಿಸಿ, ಕೈಯಲ್ಲಿ ಹೆಣಿಗೆಯ ನೂಲನ್ನು ಹಿಡಿದು ಕುಳಿತಿದ್ದಾಳೆ. ಪಕ್ಕದಲ್ಲಿ ಪುಟ್ಟ ಮೇಜು. ಅದರ ಮೇಲೆ ಹೂವು, ಒಂದು ಪುಸ್ತಕ. ನಮ್ಮ ನಡುಮನೆಯ ಸಲಕರಣೆಗಳೇ. ದೇಹವನ್ನು ಪೋಷಿಸುವುದಕ್ಕಾಗಿ ನೆರಳನ್ನು ಮಾರುತ್ತಿದ್ದೇನೆ ಎಂಬ ಅರ್ಥದ ಸಾಲೊಂದನ್ನು ಆಕೆ ಚಿತ್ರದ ಕೆಳಗೆ ಅಚ್ಚುಮಾಡಿಸಿದಳು. ಒಂದು ಕಾಲಕ್ಕೆ ಆಕೆಯ ದೇಹವನ್ನೇ ಇತರರು ಮಾರಿದ್ದರು. ಈಗ ಆಕೆ ತನ್ನ ನೆರಳನ್ನು ತಾನೇ ಮಾರಿ, ಬಂದ ಹಣದಿಂದ ಬದುಕಿದಳು. ರಟ್ಟಿನ ಹಿಂಬದಿಯಲ್ಲಿ, ಸಾಮಾನ್ಯವಾಗಿ ಛಾಯಾಗ್ರಾಹಕನ ಅಂಗಡಿಯ ಹೆಸರಿರುವ ಕಡೆ, ಚಿತ್ರದ ಹಕ್ಕು ಸೊಜರ್ನರ್ ಟ್ರೂತಳದೆಂದು ಕಾನೂನಿನ ಪ್ರಕಾರ ದಾಖಲಾದ ಮಾತು ಅಚ್ಚಾಗಿದೆ. ಓದುಬರಹ ಬಾರದ ಆಕೆ ಅದನ್ನು ಬೇರೆಯವರಿಂದ ಓದಿಸಿ ಕೇಳಬೇಕಾಗಿದ್ದಿತು.